ನಡುದಾರಿಯ ನಿಲ್ದಾಣಕ್ಕೂ ವೀಸಾ ಬೇಕೇ?

ವರ್ಷ 2022. ಬೆಂಗಳೂರು ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನ ಮುಂದೆ ನಮ್ಮ ನೆರೆಮನೆಯ ಸಹೋದರಿಯೊಬ್ಬರು ಎರಡು ಸೂಟ್‌ಕೇಸುಗಳೊಂದಿಗೆ ನಿಂತಿದ್ದರು. ವಯಸ್ಸು ಅರುವತ್ತರ ಹತ್ತಿರ. ಮಂಗಳೂರಿನಿಂದ ಹಗಲಿಡೀ ಬಸ್ಸಿನಲ್ಲಿ ಕುಳಿತು ಬಂದವರು. ಮಗಳು ಮ್ಯಾಂಚೆಸ್ಟರಿನಲ್ಲಿ ತುಂಬು ಗರ್ಭಿಣಿ, ಮೊದಲ ಹೆರಿಗೆ. ಒಂದು ಸೂಟ್‌ಕೇಸಿನ ತುಂಬ ಬಾಣಂತನದ ಸಾಮಾನು. ಲೇಹ್ಯ, ಹುರಿದು ಪುಡಿ ಮಾಡಿದ ಮೆಂತೆ, ಮಗುವಿಗೆಂದು ಒಗೆದು ಮಡಚಿದ ಹಳೆಯ ಮೆತ್ತನೆಯ ಬಟ್ಟೆ. ಪಾಸ್‌ಪೋರ್ಟಿನಲ್ಲಿ ಬ್ರಿಟನ್ನಿನ ವೀಸಾ ಇತ್ತು. ಹೋಗಿಬರುವ ಟಿಕೆಟ್ ಇತ್ತು. ಅಳಿಯ ಕಳುಹಿಸಿದ ಪತ್ರವೂ ಇತ್ತು.

ಕೌಂಟರಿನಲ್ಲಿದ್ದ ಹುಡುಗಿ ಪಾಸ್‌ಪೋರ್ಟಿನ ಪುಟಗಳನ್ನು ಎರಡು ಬಾರಿ ತಿರುವಿದಳು. ಕಂಪ್ಯೂಟರ್ ನೋಡಿದಳು. ಆಮೇಲೆ ಕೇಳಿದಳು, "ಆಂಟಿ, ಜರ್ಮನಿಯ ಟ್ರಾನ್ಸಿಟ್ ವೀಸಾ ಎಲ್ಲಿ?"

"ನಾನು ಜರ್ಮನಿಗೆ ಹೋಗುವವಳಲ್ಲ ಮಗಳೇ. ಅಲ್ಲಿ ಮೂರು ಗಂಟೆ ಕೂತು ಬೇರೆ ವಿಮಾನ ಹತ್ತುವುದು, ಅಷ್ಟೆ."

"ಕೂರುವುದಕ್ಕೂ ವೀಸಾ ಬೇಕು ಆಂಟಿ."

ಆ ತಾಯಿಗೆ ನಂಬಲಾಗಲಿಲ್ಲ. ಏಕೆಂದರೆ 2019ರಲ್ಲಿ ಅದೇ ದಾರಿಯಲ್ಲಿ, ಅದೇ ನಿಲ್ದಾಣದಲ್ಲಿ ಇಳಿದು ಮಗಳ ಮನೆಗೆ ಹೋಗಿ ಬಂದಿದ್ದರು. ಯಾರೂ ಏನೂ ಕೇಳಿರಲಿಲ್ಲ. ಟಿಕೆಟ್ ಮಾಡಿಕೊಟ್ಟ ಏಜೆಂಟ್ ಕೂಡ "ಟ್ರಾನ್ಸಿಟ್‌ಗೆ ವೀಸಾ ಬೇಡ" ಎಂದೇ ಹೇಳಿದ್ದ. ಕೌಂಟರಿನ ಬಳಿ ಎಷ್ಟು ಅಂಗಲಾಚಿದರೂ ಬೋರ್ಡಿಂಗ್ ಪಾಸ್ ಸಿಗಲಿಲ್ಲ. ರಾತ್ರಿ ಒಂದು ಗಂಟೆಗೆ ನಮ್ಮ ಮನೆಗೆ ಫೋನ್ ಬಂತು. ದೋಹಾ ಮೂಲಕ ಬೇರೆ ಟಿಕೆಟ್ ಸಿಕ್ಕಿದ್ದು ನಾಲ್ಕನೆಯ ದಿನಕ್ಕೆ. ಮೂರನೆಯ ದಿನ ಮಗಳಿಗೆ ಹೆರಿಗೆಯಾಯಿತು. ಮೊಮ್ಮಗನ ಮೊದಲ ಅಳುವನ್ನು ಅಜ್ಜಿ ಕೇಳಿದ್ದು ಬೆಂಗಳೂರಿನ ಸಂಬಂಧಿಕರ ಮನೆಯಲ್ಲಿ ಕುಳಿತು, ಮೊಬೈಲಿನಲ್ಲಿ. ಮೊದಲ ಟಿಕೆಟಿನ ಹಣ ವಾಪಸ್ ಬರಲಿಲ್ಲ. ದಾಖಲೆ ಸರಿ ಇಟ್ಟುಕೊಳ್ಳುವುದು ಪ್ರಯಾಣಿಕರ ಹೊಣೆ ಎಂದು ಟಿಕೆಟಿನ ಷರತ್ತಿನಲ್ಲೇ ಬರೆದಿರುತ್ತದಂತೆ. ಅದನ್ನು ಓದುವವರು ಯಾರು?

ಹಾಗಾದರೆ 2019ಕ್ಕೂ 2022ಕ್ಕೂ ನಡುವೆ ಏನಾಯಿತು? ತಾಯಿ ಅವರೇ, ಪಾಸ್‌ಪೋರ್ಟ್ ಅದೇ, ದಾರಿಯೂ ಅದೇ. ಬದಲಾದದ್ದು ಬ್ರಿಟನ್. ಅದು 2020ರಲ್ಲಿ ಯುರೋಪಿಯನ್ ಒಕ್ಕೂಟವನ್ನು ಬಿಟ್ಟು ಹೊರಬಂತು. ಅದಕ್ಕೆ ಮೊದಲು ಬ್ರಿಟನ್ನಿನ ವೀಸಾ ಇದ್ದವರಿಗೆ ಯುರೋಪಿನ ನಿಲ್ದಾಣಗಳಲ್ಲಿ ವಿಮಾನ ಬದಲಿಸಲು ವಿನಾಯಿತಿ ಇತ್ತು. ಹೊರಬಂದ ಮೇಲೆ ಆ ವಿನಾಯಿತಿ ಹೋಯಿತು. ಲಂಡನ್ನಿನಲ್ಲೋ ಬ್ರಸೆಲ್ಸಿನಲ್ಲೋ ನಡೆದ ರಾಜಕೀಯವೊಂದು ನಮ್ಮ ಕರಾವಳಿಯ ತಾಯಿಯೊಬ್ಬಳನ್ನು ಮಗಳ ಹೆರಿಗೆಯಿಂದ ದೂರ ಇಟ್ಟಿತು.

ಅಂದಿನಿಂದ ನಾನು ಈ ನಿಯಮಗಳನ್ನು ಹುಡುಕಿ ಓದತೊಡಗಿದೆ. ನಮ್ಮ ಮನೆಗಳ ಪ್ರಯಾಣದ ರೀತಿಯೂ ಬದಲಾಗಿದೆ. ನಮ್ಮ ಹಿರಿಯರು ಗಲ್ಫಿಗೆ ಹೋಗುವಾಗ ಬಸ್ಸಿನಲ್ಲಿ ಮುಂಬಯಿಗೆ ಹೋಗಿ, ಮುಸಾಫಿರ್‌ಖಾನಾದಲ್ಲಿ ತಂಗಿ, ಅಲ್ಲಿಂದ ವಿಮಾನ ಹತ್ತುತ್ತಿದ್ದರು. 2006ರಲ್ಲಿ ಮಂಗಳೂರಿನಿಂದಲೇ ದುಬೈಗೆ ವಿಮಾನ ಶುರುವಾಯಿತು. ಈಗ ಮಕ್ಕಳು ಗಲ್ಫನ್ನೂ ದಾಟಿ ಕೆನಡಾ, ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿದ್ದಾರೆ. ಅಲ್ಲಿಗೆ ನಮ್ಮೂರಿನಿಂದ ನೇರ ವಿಮಾನವಿಲ್ಲ. ನಡುವೆ ಎಲ್ಲಾದರೂ ಇಳಿಯಲೇಬೇಕು. ಹೀಗೆ ಇಳಿಯುವವರಲ್ಲಿ ದೊಡ್ಡ ಪಾಲು ಹೆಂಗಸರು. ಬಾಣಂತನಕ್ಕೆ ಹೊರಟ ತಾಯಿ, ಗಂಡನ ಬಳಿಗೆ ಪುಟ್ಟ ಮಕ್ಕಳನ್ನು ಕರೆದೊಯ್ಯುವ ಸೊಸೆ, ಓದಲು ಹೋಗುವ ಮಗಳು. ಟಿಕೆಟ್ ಮಾಡುವುದು ಗಂಡಸರು, ಕೌಂಟರಿನ ಮುಂದೆ ಉತ್ತರ ಕೊಡಬೇಕಾದವರು ನಾವು.

ಕಾಣದ ಗೆರೆ

ದೂರದ ಪ್ರಯಾಣದ ನಡುವೆ ಮೂರನೆಯ ದೇಶವೊಂದರಲ್ಲಿ ಇಳಿದು ಮುಂದಿನ ವಿಮಾನಕ್ಕಾಗಿ ಕಾಯುವುದನ್ನು ಟ್ರಾನ್ಸಿಟ್ ಎನ್ನುತ್ತಾರೆ. ಪ್ರತಿಯೊಂದು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದೊಳಗೆ ಒಂದು ಗೆರೆ ಇದೆ ಎಂದು ಕಲ್ಪಿಸಿಕೊಳ್ಳಿ. ಆ ಗೆರೆಯೇ ಇಮಿಗ್ರೇಶನ್ ಕೌಂಟರ್. ಗೆರೆಯ ಈಚೆಗೆ, ಅಂದರೆ ಗೇಟುಗಳು, ಅಂಗಡಿಗಳು, ನಮಾಝ್ ಕೊಠಡಿ ಇರುವ ಭಾಗದಲ್ಲಿ ಇದ್ದರೆ ನೀವು ಆ ದೇಶದ ಒಳಗೆ ಕಾಲಿಟ್ಟಿಲ್ಲ ಎಂದೇ ಬಹಳಷ್ಟು ದೇಶಗಳ ಲೆಕ್ಕ. ಗೆರೆ ದಾಟಿ ಹೊರಬಂದರೆ ದೇಶ ಪ್ರವೇಶಿಸಿದಂತೆ. ಈ ಎರಡಕ್ಕೂ ನಿಯಮ ಬೇರೆ ಬೇರೆ. "ಆ ದೇಶದಲ್ಲಿ ಟ್ರಾನ್ಸಿಟ್‌ಗೆ ವೀಸಾ ಬೇಡ" ಎಂದು ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದದ್ದು, ಗೆರೆಯ ಈಚೆಗೋ ಆಚೆಗೋ ಎಂದು.

ನಾನು ಹೊರಗೆ ಹೋಗುವುದೇ ಇಲ್ಲ, ಕುರ್ಚಿಯಲ್ಲೇ ಕೂರುತ್ತೇನೆ ಎಂದು ನೀವು ನಿಶ್ಚಯಿಸಿದರೂ ಕೆಲವೊಮ್ಮೆ ಗೆರೆ ದಾಟಲೇಬೇಕಾಗುತ್ತದೆ. ಇದಕ್ಕೆ ಕಾರಣ ಟಿಕೆಟ್. ಮೊದಲಿನಿಂದ ಕೊನೆಯವರೆಗೆ ಒಂದೇ ಟಿಕೆಟ್ ಆಗಿದ್ದರೆ ನಿಮ್ಮ ಸೂಟ್‌ಕೇಸಿಗೆ ಕೊನೆಯ ಊರಿನ ಚೀಟಿಯನ್ನೇ ಅಂಟಿಸುತ್ತಾರೆ. ಅದು ತಾನಾಗಿ ಮುಂದಿನ ವಿಮಾನಕ್ಕೆ ಹೋಗುತ್ತದೆ. ಎರಡೂ ಬೋರ್ಡಿಂಗ್ ಪಾಸ್ ಕೈಯಲ್ಲಿರುತ್ತವೆ. ಆದರೆ ಹಣ ಉಳಿಸಲೆಂದು ಎರಡು ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಸಾಮಾನು ನಡುದಾರಿಯ ಊರಿನ ಬೆಲ್ಟಿನ ಮೇಲೆ ಬಂದು ಸುತ್ತುತ್ತಿರುತ್ತದೆ. ಆ ಬೆಲ್ಟ್ ಇರುವುದು ಗೆರೆಯ ಆಚೆಗೆ! ಮುಂದಿನ ವಿಮಾನದ ಚೆಕ್-ಇನ್ ಕೌಂಟರ್ ಕೂಡ ಆಚೆಗೇ.

ನಮ್ಮ ಕಡೆಯವರು ಹೆಚ್ಚಾಗಿ ಬೀಳುವ ಗುಂಡಿ ಇದು. ಮಂಗಳೂರಿನಿಂದ ದುಬೈಗೆ ಅಗ್ಗದ ವಿಮಾನವೊಂದರ ಟಿಕೆಟ್, ದುಬೈಯಿಂದ ಮುಂದಕ್ಕೆ ಬೇರೆ ಕಂಪೆನಿಯ ಟಿಕೆಟ್. ನೋಡಲು ಹದಿನೈದು ಇಪ್ಪತ್ತು ಸಾವಿರ ಉಳಿದಂತೆ ಕಾಣುತ್ತದೆ. ಇನ್ನು ಕೆಲವರು ಶಾರ್ಜಾದಲ್ಲಿ ಇಳಿದು ದುಬೈಯಿಂದ ಹಾರುವ ಟಿಕೆಟ್ ಮಾಡುತ್ತಾರೆ. ನಕ್ಷೆಯಲ್ಲಿ ಅವೆರಡೂ ಪಕ್ಕದ ಊರುಗಳು. ಆದರೆ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ರಸ್ತೆಯಲ್ಲೇ ಹೋಗಬೇಕು, ರಸ್ತೆಗೆ ಇಳಿಯಲು ಯು.ಎ.ಇ. ವೀಸಾ ಬೇಕು. ಲಂಡನ್ನಿನಲ್ಲಿ ಹೀತ್ರೂನಿಂದ ಗ್ಯಾಟ್ವಿಕ್‌ಗೆ, ಪ್ಯಾರಿಸಿನಲ್ಲಿ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಹೋಗುವವರಿಗೂ ಇದೇ ಮಾತು. ಟಿಕೆಟಿನಲ್ಲಿ ಊರಿನ ಹೆಸರು ಒಂದೇ ಇದ್ದರೂ ನಿಲ್ದಾಣದ ಹೆಸರು ಒಂದೇ ಇದೆಯೇ ಎಂದು ನೋಡಿ.

ಕೌಂಟರಿನ ಹುಡುಗಿಯ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ ಎಂಬುದನ್ನೂ ಹೇಳಬೇಕು. ಸರಿಯಾದ ದಾಖಲೆ ಇಲ್ಲದವರನ್ನು ಕರೆದೊಯ್ದರೆ ಹಲವು ದೇಶಗಳು ವಿಮಾನ ಕಂಪೆನಿಗೇ ದಂಡ ಹಾಕುತ್ತವೆ. ಆ ಪ್ರಯಾಣಿಕರನ್ನು ವಾಪಸ್ ತಂದುಬಿಡುವ ಹೊಣೆಯೂ ಕಂಪೆನಿಯದೇ. ಹಾಗಾಗಿ ಅವರು ಟಿಮ್ಯಾಟಿಕ್ ಎಂಬ ವ್ಯವಸ್ಥೆಯಲ್ಲಿ ನಿಮ್ಮ ಪಾಸ್‌ಪೋರ್ಟಿನ ದೇಶ, ವೀಸಾ, ದಾರಿ ಎಲ್ಲವನ್ನೂ ಹಾಕಿ ನೋಡುತ್ತಾರೆ. ಅಂತಾರಾಷ್ಟ್ರೀಯ ವಿಮಾನ ಸಂಸ್ಥೆಗಳ ಒಕ್ಕೂಟವಾದ ಐಯಾಟಾ ನಡೆಸುವ ವ್ಯವಸ್ಥೆ ಅದು. ಅದರಲ್ಲಿ ಇಲ್ಲ ಎಂದು ಬಂದರೆ ಏಜೆಂಟ್ ಹೇಳಿದ, ಹೋದ ಸಲ ಬಿಟ್ಟಿದ್ದರು ಎಂಬ ಯಾವ ಮಾತೂ ನಡೆಯುವುದಿಲ್ಲ.

ಯುರೋಪ್, ಬ್ರಿಟನ್, ಅಮೆರಿಕ

ಯುರೋಪಿನ ಶೆಂಗೆನ್ ದೇಶಗಳದ್ದು ಸ್ವಲ್ಪ ಗೋಜಲಿನ ಲೆಕ್ಕ. ಗೆರೆಯ ಈಚೆಗೆ ಕೂರಲೂ ವೀಸಾ ಬೇಕಾದ 12 ದೇಶಗಳ ಒಂದು ಸಾಮಾನ್ಯ ಪಟ್ಟಿ ಅವರಲ್ಲಿದೆ. ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ, ಅಫ್ಘಾನಿಸ್ತಾನ, ಇರಾನ್, ಇರಾಕ್ ಇತ್ಯಾದಿ ಅದರಲ್ಲಿವೆ. ಭಾರತ ಇಲ್ಲ. ಆದರೆ ಆ ಪಟ್ಟಿಯ ಮೇಲೆ ಪ್ರತಿಯೊಂದು ದೇಶವೂ ತನ್ನದೇ ಹೆಸರುಗಳನ್ನು ಸೇರಿಸಬಹುದು. ಜರ್ಮನಿ ಹಾಗೆ ಭಾರತವನ್ನು ಸೇರಿಸಿತ್ತು. ನೆದರ್ಲೆಂಡ್ಸ್ ಸೇರಿಸಲಿಲ್ಲ. ಹಾಗಾಗಿ ನಮ್ಮ ನೆರೆಮನೆಯ ತಾಯಿ ಅಂದು ಆಮ್‌ಸ್ಟರ್‌ಡ್ಯಾಮ್ ಮೂಲಕ ಒಂದೇ ಟಿಕೆಟಿನಲ್ಲಿ ಹೋಗಿದ್ದರೆ ಯಾರೂ ತಡೆಯುತ್ತಿರಲಿಲ್ಲ. ಅಮೆರಿಕ, ಕೆನಡಾ ಅಥವಾ ಜಪಾನಿನ ಚಾಲ್ತಿಯಲ್ಲಿರುವ ವೀಸಾ ಇದ್ದಿದ್ದರೆ ಜರ್ಮನಿಯಲ್ಲೂ ವಿನಾಯಿತಿ ಸಿಗುತ್ತಿತ್ತು. ಬ್ರಿಟನ್ನಿನ ವೀಸಾ ಮಾತ್ರ ಆ ಸಾಲಿನಿಂದ ಹೊರಬಿದ್ದಿತ್ತು.

ಇನ್ನೊಂದು ತಿರುವು ನೋಡಿ. 2026ರ ಜನವರಿಯಲ್ಲಿ ಜರ್ಮನಿಯ ಚಾನ್ಸಲರ್ ಫ್ರೆಡ್ರಿಕ್ ಮೆರ್ಝ್ ಭಾರತಕ್ಕೆ ಬಂದಾಗ, ಭಾರತೀಯರು ತಮ್ಮ ನಿಲ್ದಾಣಗಳ ಮೂಲಕ ಹಾದುಹೋಗಲು ಇನ್ನು ಟ್ರಾನ್ಸಿಟ್ ವೀಸಾ ಬೇಡ ಎಂಬ ಘೋಷಣೆ ಹೊರಬಿತ್ತು. ಆ ಸುದ್ದಿ ಓದಿ ನಾನು ಪಕ್ಕದ ಮನೆಗೆ ಹೋಗಿ ತೋರಿಸಿದಾಗ ಆ ತಾಯಿ ನಕ್ಕರು. "ನಾಲ್ಕು ವರ್ಷ ಮೊದಲೇ ಹೇಳಬಾರದಿತ್ತೇ?" ಎಂದರು. ಘೋಷಣೆ ಒಂದು, ಜಾರಿಯಾಗುವ ದಿನ ಇನ್ನೊಂದು ಎಂಬುದನ್ನು ಮರೆಯದೆ, ನಿಮ್ಮ ಪ್ರಯಾಣದ ದಿನಕ್ಕೆ ಯಾವ ನಿಯಮವಿದೆ ಎಂದು ವಿಮಾನ ಕಂಪೆನಿಯಿಂದ ಖಚಿತಪಡಿಸಿಕೊಳ್ಳಿ. ಈ ಸೌಲಭ್ಯ ಕೂಡ ಗೆರೆಯ ಈಚೆಗೆ ಮಾತ್ರ. ರಾತ್ರಿ ತಂಗಲು ನಗರದ ಹೋಟೆಲಿಗೆ ಹೋಗುವಂತಿಲ್ಲ. ಒಂದು ಶೆಂಗೆನ್ ದೇಶದಲ್ಲಿ ಇಳಿದು ಅಲ್ಲಿಂದ ಮತ್ತೊಂದು ಶೆಂಗೆನ್ ದೇಶಕ್ಕೆ ಹಾರಿ, ಆಮೇಲೆ ಬ್ರಿಟನ್ನಿಗೋ ಕೆನಡಾಕ್ಕೋ ಹೋಗುವ ಟಿಕೆಟಿದ್ದರೆ ಪೂರ್ತಿ ಶೆಂಗೆನ್ ವೀಸಾವೇ ಬೇಕು. ಆ ದೇಶಗಳ ನಡುವಿನ ವಿಮಾನ ಎಂದರೆ ಅವರ ಲೆಕ್ಕದಲ್ಲಿ ನಮ್ಮ ಮಂಗಳೂರು-ಬೆಂಗಳೂರು ವಿಮಾನದ ಹಾಗೆ. ಒಳನಾಡಿನ ಪ್ರಯಾಣ.

ಬ್ರಿಟನ್ ಮೂಲಕ ಅಮೆರಿಕ, ಕೆನಡಾಗಳಿಗೆ ಹೋಗುವವರ ವಿಷಯ. ಭಾರತೀಯರು ಬ್ರಿಟನ್ನಿನ ನಿಲ್ದಾಣದ ಒಳಗೇ ವಿಮಾನ ಬದಲಿಸಲೂ ಮೂಲತಃ ಟ್ರಾನ್ಸಿಟ್ ವೀಸಾ ಬೇಕು. ಆದರೆ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಝಿಲೆಂಡ್‌ಗಳ ಚಾಲ್ತಿ ವೀಸಾ ಇದ್ದವರಿಗೆ ಅದು ಬೇಡ. ಹಾಗಾಗಿ ಅಮೆರಿಕದ ಮಗನ ಮನೆಗೆ ಹೊರಟವರಿಗೆ ತೊಂದರೆಯಾಗುವುದಿಲ್ಲ. ತೊಂದರೆಯಾಗುವುದು ವಾಪಸ್ ಬರುವಾಗ, ಅಲ್ಲಿ ಉಳಿಯಲು ಅನುಮತಿ ಇದ್ದರೂ ಪಾಸ್‌ಪೋರ್ಟಿನಲ್ಲಿನ ವೀಸಾದ ದಿನಾಂಕ ಮುಗಿದಿದ್ದರೆ. ಹೋಗುವ ದಾರಿ ಸುಗಮವಾಗಿದ್ದ ಮಾತ್ರಕ್ಕೆ ಬರುವ ದಾರಿಯೂ ಹಾಗೇ ಎಂದು ತಿಳಿಯಬೇಡಿ. ಎರಡನ್ನೂ ಬೇರೆಯಾಗಿ ನೋಡಿ.

ಅಮೆರಿಕದಲ್ಲಂತೂ ಈ ಗೆರೆಯ ಈಚೆ ಎಂಬುದೇ ಇಲ್ಲ. ಎರಡು ಗಂಟೆಯ ಕಾಯುವಿಕೆಯಾದರೂ ಸರಿ, ಇಳಿದವರೆಲ್ಲ ಇಮಿಗ್ರೇಶನ್ ದಾಟಲೇಬೇಕು. ಆದ್ದರಿಂದ ನ್ಯೂಯಾರ್ಕ್ ಮೂಲಕ ಟೊರೊಂಟೋಗೆ ಹೋಗುವ ಟಿಕೆಟ್ ಎಷ್ಟೇ ಅಗ್ಗವಾಗಿರಲಿ, ಅಮೆರಿಕದ ವೀಸಾ ಇಲ್ಲದವರು ಅದನ್ನು ಮುಟ್ಟಬಾರದು. ಕೆನಡಾ ಮೂಲಕ ಹಾದುಹೋಗಲೂ ನಮಗೆ ಟ್ರಾನ್ಸಿಟ್ ವೀಸಾ ಬೇಕು. 48 ಗಂಟೆಯೊಳಗಿನ ನಿಲುಗಡೆಗೆ ಅದಕ್ಕೆ ಶುಲ್ಕವಿಲ್ಲ, ಆದರೆ ಮೊದಲೇ ಅರ್ಜಿ ಹಾಕಿ ಪಡೆಯಬೇಕು. ಆಸ್ಟ್ರೇಲಿಯಾದ್ದೂ ಹಾಗೆಯೇ, ಶುಲ್ಕವಿಲ್ಲದ ಟ್ರಾನ್ಸಿಟ್ ವೀಸಾ, 72 ಗಂಟೆಯವರೆಗೆ.

ಸಿಂಗಾಪುರ ಈ ವಿಷಯದಲ್ಲಿ ಉದಾರಿ. ನಿಲ್ದಾಣದೊಳಗೆ ಇದ್ದರೆ ವೀಸಾ ಬೇಡ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಝಿಲೆಂಡ್, ಜಪಾನ್, ಜರ್ಮನಿ, ಸ್ವಿಟ್ಝರ್ಲೆಂಡ್ ಇವುಗಳಲ್ಲಿ ಒಂದರ ವೀಸಾ ಇದ್ದು, ಮುಂದಿನ ಪ್ರಯಾಣದ ಟಿಕೆಟೂ ಇದ್ದರೆ ಭಾರತೀಯರು 96 ಗಂಟೆಯವರೆಗೆ ವೀಸಾ ಇಲ್ಲದೆ ಹೊರಗೆ ಸುತ್ತಾಡಿ ಬರಬಹುದು. ಚೀನಾದ 240 ಗಂಟೆಗಳ ಉಚಿತ ಟ್ರಾನ್ಸಿಟ್ ಬಗ್ಗೆ ಮೊಬೈಲಿನಲ್ಲಿ ಸಂದೇಶಗಳು ಓಡಾಡುತ್ತವೆ. 2024ರ ಡಿಸೆಂಬರಿನಲ್ಲಿ ಬಂದ ಆ ಸೌಲಭ್ಯದ ಪಟ್ಟಿಯಲ್ಲಿ ಭಾರತದ ಹೆಸರು ಇರಲಿಲ್ಲ. ನಮಗಿರುವುದು 24 ಗಂಟೆಯ ಸಾಮಾನ್ಯ ಟ್ರಾನ್ಸಿಟ್ ಮಾತ್ರ.

ಕುವೈತಿನ ಆ ಒಂದು ದಿನ

ಎಲ್ಲವನ್ನೂ ಸರಿಯಾಗಿ ನೋಡಿ ಹೊರಟರೂ ವಿಮಾನ ನಾವೆಣಿಸದ ಊರಿನಲ್ಲಿ ಇಳಿಯಬಹುದು. 2024ರ ಡಿಸೆಂಬರ್ 1ರಂದು ಬಹ್ರೇನ್‌ನಿಂದ ಮ್ಯಾಂಚೆಸ್ಟರಿಗೆ ಹೊರಟಿದ್ದ ವಿಮಾನವೊಂದು ತಾಂತ್ರಿಕ ತೊಂದರೆಯಿಂದ ಕುವೈತಿನಲ್ಲಿ ತುರ್ತಾಗಿ ಇಳಿಯಿತು. ಅದರಲ್ಲಿ ಮುಂಬಯಿಯಿಂದ ಬಂದ ಭಾರತೀಯರೂ ಇದ್ದರು. ಬ್ರಿಟನ್ ಮತ್ತಿತರ ಕೆಲವು ದೇಶಗಳ ಪಾಸ್‌ಪೋರ್ಟ್ ಇದ್ದವರಿಗೆ ಕುವೈತ್ ಸ್ಥಳದಲ್ಲೇ ವೀಸಾ ಕೊಡುತ್ತದೆ. ಅವರು ಹೋಟೆಲಿಗೆ ಹೋದರು. ಭಾರತದ ಪಾಸ್‌ಪೋರ್ಟ್ ಹಿಡಿದವರು ನಿಲ್ದಾಣದಲ್ಲೇ ಉಳಿದರು. ಅದೇ ಹೊತ್ತಿಗೆ ಕುವೈತಿನಲ್ಲಿ ಗಲ್ಫ್ ರಾಷ್ಟ್ರಗಳ ಶೃಂಗಸಭೆ ನಡೆಯುತ್ತಿದ್ದುದರಿಂದ ತೊಡಕು ಇನ್ನೂ ಹೆಚ್ಚಿತ್ತು. ಹಾಸಲು ಬಟ್ಟೆ ಇಲ್ಲ, ಊಟ ಸರಿ ಇಲ್ಲ ಎಂಬ ದೂರುಗಳು ಕೇಳಿಬಂದವು. ಕೊನೆಗೆ ಭಾರತೀಯ ರಾಯಭಾರ ಕಚೇರಿಯ ಸಿಬ್ಬಂದಿ ನಿಲ್ದಾಣಕ್ಕೆ ಬಂದರು, ಲೌಂಜುಗಳಲ್ಲಿ ವ್ಯವಸ್ಥೆಯಾಯಿತು. ಮುಂದಿನ ವಿಮಾನ ಹೊರಟದ್ದು ಮರುದಿನ.

ಒಂದೇ ವಿಮಾನ, ಒಂದೇ ದರ್ಜೆಯ ಸೀಟು. ಆದರೂ ಕೈಯಲ್ಲಿರುವ ಪುಸ್ತಕದ ಬಣ್ಣ ನೋಡಿ ಕೆಲವರಿಗೆ ಹಾಸಿಗೆ, ಕೆಲವರಿಗೆ ನೆಲ. ಝಕಾತಿಗೆ ಅರ್ಹರಾದ ಎಂಟು ವರ್ಗಗಳಲ್ಲಿ ದಾರಿಹೋಕನೂ ಒಬ್ಬ. ಊರಿನಲ್ಲಿ ಅವನು ಎಷ್ಟೇ ಸ್ಥಿತಿವಂತನಾಗಿರಲಿ, ದಾರಿಯಲ್ಲಿ ನಿರ್ಗತಿಕನಾಗಿ ನಿಂತಾಗ ಅವನಿಗೆ ಸಮಾಜದ ಮೇಲೆ ಹಕ್ಕಿದೆ ಎಂದು ಇಸ್ಲಾಮ್ ಕಲಿಸಿತು. ಮುಸ್ಲಿಮ್ ದೇಶಗಳ ನಿಲ್ದಾಣಗಳಲ್ಲಾದರೂ ಪಾಸ್‌ಪೋರ್ಟ್ ನೋಡದೆ ಸಿಕ್ಕಿಬಿದ್ದ ಮುಸಾಫಿರನನ್ನು ನೋಡುವ ಏರ್ಪಾಡು ಬರಲಿ ಎಂದು ನಾವು ಆಶಿಸುವುದು ತಪ್ಪೇ?

2024ರ ಏಪ್ರಿಲ್ 16ರಂದು ದುಬೈಯಲ್ಲಿ ಎಂದೂ ಕಾಣದ ಮಳೆ ಸುರಿದು ಟ್ರಾನ್ಸಿಟ್ ಪ್ರಯಾಣಿಕರು ದಿನಗಟ್ಟಲೆ ನಿಲ್ದಾಣದಲ್ಲಿ ಸಿಲುಕಿದ್ದರು. 2025ರ ಜೂನ್ 23ರ ರಾತ್ರಿ ಕತಾರ್ ತನ್ನ ವಾಯುಮಾರ್ಗವನ್ನು ಕೆಲವು ಗಂಟೆ ಮುಚ್ಚಿದಾಗ ದೋಹಾಕ್ಕೆ ಬರುತ್ತಿದ್ದ ವಿಮಾನಗಳು ಬೇರೆ ಬೇರೆ ದೇಶಗಳಿಗೆ ತಿರುಗಿದವು. ಇಂಥದ್ದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಕೈಚೀಲದಲ್ಲಿ ಎರಡು ದಿನದ ಔಷಧಿ, ಮಗುವಿನ ಹಾಲಿನ ಪುಡಿ, ಒಂದು ಜೊತೆ ಬಟ್ಟೆ ಇಟ್ಟುಕೊಳ್ಳುವುದು ಕೈಯಲ್ಲಿದೆ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ದೊಡ್ಡ ಸೂಟ್‌ಕೇಸಿಗೆ ಹಾಕಿ ಕಳುಹಿಸುವ ತಾಯಂದಿರನ್ನು ನಾನೇ ಕಂಡಿದ್ದೇನೆ.

ಯು.ಎ.ಇ.ಯಲ್ಲಿ ನಿಲ್ದಾಣದೊಳಗೆ ವಿಮಾನ ಬದಲಿಸಲು ನಮಗೆ ವೀಸಾ ಬೇಡ. ಹೊರಗೆ ಬರಬೇಕಾದರೆ 48 ಗಂಟೆಯ ಟ್ರಾನ್ಸಿಟ್ ವೀಸಾ ಶುಲ್ಕವಿಲ್ಲದೆ, 96 ಗಂಟೆಯದ್ದು 50 ದಿರ್ಹಮ್‌ಗೆ ಎಂಬ ವ್ಯವಸ್ಥೆ ಇದೆ. ಆದರೆ ಅದನ್ನು ಅಲ್ಲಿನ ವಿಮಾನ ಕಂಪೆನಿಗಳ ಮೂಲಕ ಪ್ರಯಾಣಕ್ಕೆ ಮೊದಲೇ ಮಾಡಿಸಿಕೊಳ್ಳಬೇಕು, ಇಳಿದ ಮೇಲೆ ಕೇಳಿದರೆ ಸಿಗದು. ಮಗನೋ ತಮ್ಮನೋ ದುಬೈಯಲ್ಲಿದ್ದು, ಎರಡು ದಿನ ಅವರ ಮನೆಯಲ್ಲಿ ಉಳಿದು ಮುಂದೆ ಹೋಗೋಣ ಎನ್ನುವವರಿಗೆ ಇದು ಒಳ್ಳೆಯ ದಾರಿ.

ಟ್ರಾನ್ಸಿಟ್‌ನಲ್ಲಿ ಉಮ್ರಾ

ಇನ್ನು ನಮ್ಮ ಓದುಗರು ಹೆಚ್ಚು ಕೇಳುವ ವಿಷಯ. ಜಿದ್ದಾದಲ್ಲಿ ವಿಮಾನ ಬದಲಿಸುವಾಗ ಉಮ್ರಾ ಮಾಡಬಹುದೇ? ಹಿಂದೆಲ್ಲ ಮಕ್ಕಾದಿಂದ ಒಂದು ಗಂಟೆಯ ದಾರಿಯಲ್ಲಿ ಕುಳಿತು, ಹೊರಬರಲಾಗದೆ, ಮನಸ್ಸಿನಲ್ಲೇ ಸಲಾಮ್ ಹೇಳಿ ವಿಮಾನ ಹತ್ತಿದವರು ಎಷ್ಟೋ ಮಂದಿ. 2023ರ ಜನವರಿ ಕೊನೆಯಲ್ಲಿ ಸೌದಿ ಸರಕಾರ ನಿಲುಗಡೆಯ ವೀಸಾ ಒಂದನ್ನು ಜಾರಿಗೆ ತಂತು. ಸೌದಿಯಾ ಅಥವಾ ಫ್ಲೈನಾಸ್ ವಿಮಾನದ ಟಿಕೆಟ್ ಮಾಡುವಾಗಲೇ ಅದಕ್ಕೆ ಅರ್ಜಿ ಹಾಕಬಹುದು. 96 ಗಂಟೆ ಉಳಿಯಬಹುದು. ಉಮ್ರಾ ಮಾಡಬಹುದು, ಮದೀನಾಕ್ಕೆ ಹೋಗಿ ಮಸ್ಜಿದುನ್ನಬವಿಯಲ್ಲಿ ನಮಾಝ್ ಮಾಡಬಹುದು. ಹಜ್ಜ್‌ಗೆ ಇದು ನಡೆಯುವುದಿಲ್ಲ. ಹಜ್ಜ್‌ನ ಮುಂಚಿನ ವಾರಗಳಲ್ಲಿ ಹಜ್ಜ್ ಪರವಾನಗಿ ಇಲ್ಲದವರಿಗೆ ಮಕ್ಕಾ ಪ್ರವೇಶವೇ ನಿರ್ಬಂಧಿತವಾಗಿರುತ್ತದೆ. ಆ ದಿನಗಳಲ್ಲಿ ಈ ಯೋಚನೆ ಬೇಡ.

ಯುರೋಪಿನಿಂದ ಊರಿಗೆ ಬರುವ ಮಕ್ಕಳು ತಾಯಿಯನ್ನೂ ಕರೆದುಕೊಂಡು ಹೀಗೆ ಉಮ್ರಾ ಮುಗಿಸಿ ಬಂದದ್ದನ್ನು ಕೇಳಿದ್ದೇನೆ. 96 ಗಂಟೆ ಎಂದರೆ ನಾಲ್ಕು ದಿನ. ಜಿದ್ದಾ ವಿಮಾನ ನಿಲ್ದಾಣದಲ್ಲೇ ಹರಮೈನ್ ರೈಲಿನ ನಿಲ್ದಾಣವಿದೆ. 2018ರಲ್ಲಿ ಶುರುವಾದ ಈ ರೈಲು ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಓಡಿ ಮಕ್ಕಾ, ಜಿದ್ದಾ, ಮದೀನಾಗಳನ್ನು ಜೋಡಿಸುತ್ತದೆ. ಉಮ್ರಾದ ಅನುಮತಿಯನ್ನೂ ಮದೀನಾದ ರೌಝಾದ ಸಮಯವನ್ನೂ ನುಸುಕ್ ಎಂಬ ಆ್ಯಪ್‌ನಲ್ಲಿ ಪಡೆಯಬೇಕು. ರೌಝಾಕ್ಕೆ ಮಹಿಳೆಯರ ಸಮಯ ಬೇರೆ, ಜಾಗ ಬೇಗ ತುಂಬುತ್ತದೆ. ಹೊರಡುವ ಮೊದಲೇ ನೋಡಿಕೊಳ್ಳಿ.

ಆದರೆ ಉಮ್ರಾದ ಉದ್ದೇಶದಿಂದ ಹೋಗುವವರು ಮೀಖಾತ್ ದಾಟುವ ಮುನ್ನ ಇಹ್ರಾಮ್ ಕಟ್ಟಬೇಕಲ್ಲ? ವಿಮಾನ ಮೀಖಾತ್ ದಾಟುವುದು ಜಿದ್ದಾ ತಲಪುವ ಮೊದಲೇ, ಆಕಾಶದಲ್ಲಿ. ಜಿದ್ದಾದಲ್ಲಿ ಇಳಿದು ಸೂಟ್‌ಕೇಸ್ ತೆಗೆದು ಇಹ್ರಾಮ್ ಬಟ್ಟೆ ಉಡುತ್ತೇನೆ ಎಂದರೆ ತಡವಾಯಿತು. ಗಂಡಸರ ಎರಡು ತುಂಡು ಬಟ್ಟೆ ಕೈಚೀಲದಲ್ಲೇ ಇರಲಿ. ನಮಗೆ ವಿಶೇಷ ಉಡುಪಿಲ್ಲ, ನಿಯ್ಯತ್ ಮುಖ್ಯ.

ಮಹಿಳೆಯರು ಮೊದಲೇ ಯೋಚಿಸಬೇಕಾದ ಇನ್ನೊಂದು ವಿಷಯವಿದೆ. ಗಂಡಸರು ಬರೆಯುವ ಯಾತ್ರಾ ಮಾಹಿತಿಗಳಲ್ಲಿ ಇದು ಕಾಣುವುದೇ ಇಲ್ಲ. ಇಹ್ರಾಮ್ ಕಟ್ಟಿದ ಮೇಲೆ ಮುಟ್ಟು ಬಂದರೆ ಶುದ್ಧಿಯಾಗುವ ತನಕ ತವಾಫ್ ಮಾಡುವಂತಿಲ್ಲ. ಇಹ್ರಾಮ್‌ನಿಂದ ಹೊರಬರಲೂ ಆಗುವುದಿಲ್ಲ. ಹದಿನೈದು ದಿನಗಳ ಉಮ್ರಾ ಪ್ಯಾಕೇಜಿನಲ್ಲಿ ಹೋದವರು ಕಾಯಬಹುದು. 96 ಗಂಟೆಯ ವೀಸಾ ಕಾಯುವುದಿಲ್ಲ, ಮುಂದಿನ ವಿಮಾನವೂ ಕಾಯುವುದಿಲ್ಲ. ಹಾಗಾಗಿ ತಾರೀಖು ನಿಗದಿ ಮಾಡುವಾಗ ಮನೆಯ ಹೆಣ್ಣುಮಕ್ಕಳ ದಿನಗಳನ್ನು ಸಂಕೋಚವಿಲ್ಲದೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಹ್ರಾಮ್ ಕಟ್ಟುವಾಗ, ಅಡ್ಡಿ ಬಂದರೆ ಅಲ್ಲಿಗೇ ಮುಗಿಸುತ್ತೇನೆ ಎಂದು ಷರತ್ತು ಇಟ್ಟುಕೊಳ್ಳುವ ಬಗ್ಗೆ ಹದೀಸ್ ಇದೆ, ಅದರ ವಿವರದಲ್ಲಿ ಮದ್ಹಬ್‌ಗಳ ನಡುವೆ ವ್ಯತ್ಯಾಸವೂ ಇದೆ. ನಿಮ್ಮ ಮಹಲ್ಲಾದ ಆಲಿಮರಲ್ಲಿ ಮೊದಲೇ ಕೇಳಿಕೊಳ್ಳಿ. ಅವರ ಪತ್ನಿಯ ಮೂಲಕವಾದರೂ ಕೇಳಬಹುದು.

ಒಂದೇ ಮನೆ, ಮೂರು ಪಾಸ್‌ಪೋರ್ಟ್

ನನ್ನ ಸಂಬಂಧಿಕರ ಒಂದು ಕುಟುಂಬದಲ್ಲಿ ಗಂಡನಿಗೆ ಕೆನಡಾದ ಪಾಸ್‌ಪೋರ್ಟ್, ಹೆಂಡತಿಗೆ ಭಾರತದ್ದು, ಜೊತೆಗೆ ಕೆನಡಾದ ಖಾಯಂ ವಾಸದ ಕಾರ್ಡ್. ಅಲ್ಲೇ ಹುಟ್ಟಿದ ಮಗು ಕೆನಡಾ ಪ್ರಜೆ. ರಜೆಯಲ್ಲಿ ಬಂದವರು ಅತ್ತೆಯನ್ನೂ ಕರೆದುಕೊಂಡು ಹೊರಟರು. ಅತ್ತೆಗೆ ಸಂದರ್ಶಕರ ವೀಸಾ. ಟಿಕೆಟ್ ಮಾಡಿದ ಗಂಡ ತನ್ನ ಪಾಸ್‌ಪೋರ್ಟಿಗೆ ವೀಸಾ ಬೇಡ ಎಂದು ನೋಡಿಕೊಂಡು ನಾಲ್ವರಿಗೂ ಅಮೆರಿಕದ ನಿಲ್ದಾಣವೊಂದರ ಮೂಲಕ ಟಿಕೆಟ್ ಹಿಡಿದಿದ್ದ. ಸೊಸೆ ಹೊರಡುವ ಹತ್ತು ದಿನ ಮುಂಚೆ ಟಿಕೆಟಿನ ಕಾಗದ ಓದಿ, "ನಾನೂ ಉಮ್ಮನೂ ಹೇಗೆ ಹೋಗುವುದು?" ಎಂದು ಕೇಳಿದ್ದರಿಂದ ದಾರಿ ಬದಲಾಯಿತು. ದಂಡ ತೆತ್ತದ್ದು ಸ್ವಲ್ಪವೇ. ವಿಮಾನ ಕಂಪೆನಿಗೆ ಕುಟುಂಬ ಎಂಬುದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಪಾಸ್‌ಪೋರ್ಟ್ ಮಾತ್ರ. ಗಂಡ ಒಳಗೆ, ಹೆಂಡತಿ ಮಕ್ಕಳು ಹೊರಗೆ ಎಂಬಂಥ ಪರಿಸ್ಥಿತಿ ಕೌಂಟರಿನಲ್ಲಿ ಬರಬಾರದಲ್ಲ?

ಟಿಕೆಟ್‌ಗೆ ಹಣ ಕೊಡುವ ಮುಂಚೆ ಏಜೆಂಟನ ಮುಂದೆ ಕುಳಿತು ಕೇಳಬೇಕಾದ ಮಾತುಗಳು ಹೆಚ್ಚೇನಿಲ್ಲ. ಇದು ಒಂದೇ ಟಿಕೆಟೇ, ಎರಡೇ? ಸಾಮಾನು ಕೊನೆಯವರೆಗೆ ಹೋಗುತ್ತದೆಯೇ? ಇಳಿಯುವ ಮತ್ತು ಹತ್ತುವ ನಿಲ್ದಾಣ ಒಂದೇ ಏನು? ನನ್ನ ಪಾಸ್‌ಪೋರ್ಟಿಗೆ, ನನ್ನ ಈ ವೀಸಾಕ್ಕೆ, ಈ ದಾರಿಯಲ್ಲಿ ಟ್ರಾನ್ಸಿಟ್ ವೀಸಾ ಬೇಕೇ? ಕೊನೆಯ ಪ್ರಶ್ನೆಗೆ ಏಜೆಂಟನ ಉತ್ತರವನ್ನು ಮಾತ್ರ ನಂಬದೆ ವಿಮಾನ ಕಂಪೆನಿಗೆ ಫೋನ್ ಮಾಡಿಸಿ, ಅಥವಾ ಆ ದೇಶದ ರಾಯಭಾರ ಕಚೇರಿಯ ಪುಟದಲ್ಲಿ ಮಕ್ಕಳಿಂದ ಓದಿಸಿ. ಒಂಟೆಯನ್ನು ಕಟ್ಟಿ ಆಮೇಲೆ ತವಕ್ಕುಲ್ ಇಡಬೇಕೆಂದು ಪ್ರವಾದಿ(ಸ) ಕಲಿಸಿದ್ದು ನಮಗೆಲ್ಲ ಗೊತ್ತು. ಟಿಕೆಟಿನ ವಿಷಯದಲ್ಲಿ ಮಾತ್ರ ನಾವು ಒಂಟೆಯನ್ನು ಏಜೆಂಟನ ಕೈಗೆ ಕೊಟ್ಟು ನಿದ್ದೆ ಮಾಡುತ್ತೇವೆ.

ಕಾಯುವ ಹೊತ್ತಿನ ನಮಾಝಿನ ಬಗ್ಗೆಯೂ ಒಂದು ಮಾತು. ಗಲ್ಫಿನ ನಿಲ್ದಾಣಗಳಲ್ಲಿ ಹೆಂಗಸರಿಗೆ ಬೇರೆ ಕೊಠಡಿಯೇ ಇರುತ್ತದೆ. ಲಂಡನ್ನಿನ ಹೀತ್ರೂನಲ್ಲಿ ಎಲ್ಲ ಧರ್ಮದವರಿಗೂ ಸೇರಿದ ಪ್ರಾರ್ಥನಾ ಕೊಠಡಿಗಳಿವೆ. ಮುಸಾಫಿರರಿಗೆ ಖಸ್ರ್‌ನ ರಿಯಾಯಿತಿ ಇದೆ, ನಾಲ್ಕು ರಕಅತ್ ಎರಡಾಗುತ್ತದೆ. ಗೇಟು ದೂರವಿದ್ದರೆ ಮೊದಲು ಗೇಟು ನೋಡಿಟ್ಟು ಆಮೇಲೆ ಕೊಠಡಿ ಹುಡುಕಿ.

ನೆರೆಮನೆಯ ಆ ತಾಯಿಯ ಮಗಳಿಗೆ ಈಗ ಎರಡನೆಯ ಹೆರಿಗೆ ಹತ್ತಿರವಾಗಿದೆ. ಹೋದ ತಿಂಗಳು ಟಿಕೆಟ್ ಮಾಡಿಸಲು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಏಜೆಂಟ್ ಹುಡುಗ ಕಂಪ್ಯೂಟರಿನಲ್ಲಿ ಹುಡುಕಿ, "ಇದು ನೋಡಿ, ಒಂಬತ್ತು ಸಾವಿರ ಕಡಿಮೆ, ಪ್ಯಾರಿಸಿನಲ್ಲಿ ಇಳಿದು ಅಲ್ಲಿಂದ ಆಮ್‌ಸ್ಟರ್‌ಡ್ಯಾಮ್, ಅಲ್ಲಿಂದ ಮ್ಯಾಂಚೆಸ್ಟರ್" ಎಂದ. ಅವರು ಕನ್ನಡಕ ಏರಿಸಿಕೊಂಡು ಪರದೆಯ ಮೇಲೆ ಬೆರಳಿಟ್ಟರು. "ಇವೆರಡೂ ಯುರೋಪಿನ ಊರುಗಳಲ್ಲವೇ ಮಗಾ? ಇದು ನನಗಾಗುವುದಿಲ್ಲ. ದೋಹಾದ್ದು ತೆಗೆ, ಒಂದೇ ಟಿಕೆಟಿನಲ್ಲಿ."

ಹುಡುಗ ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ. ಅವನು ದೋಹಾದ ಟಿಕೆಟ್ ತೆಗೆದ.